ಗುಲಾಬಿ, ಪಿಯಾನೊ, ಜೋಡಿ ಡ್ರಮ್ಮಿನ ಅಬ್ಬರ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಜಪಾನಿನ ರಾಕ್ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ವೇಷ ಕಟ್ಟಿಕೊಂಡು, ಪಿಯಾನೊ ಪಿಟೀಲು ಸೇರಿಸಿಕೊಂಡು, ನಾಟಕದ ಹಾಗೆ ರಾಕ್ ಹಾಡುವವರ ಒಂದು ದೊಡ್ಡ ಗುಂಪೇ ಅಲ್ಲಿದೆ ಅಂತ. ಅಷ್ಟಕ್ಕೇ ಬಂದ ಪತ್ರಗಳನ್ನು ನೋಡಿ ಖುಷಿಯಾಯಿತು. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ‘ಅಟ್ಯಾಕ್ ಆನ್ ಟೈಟನ್’ ಅನಿಮೆ (ಜಪಾನಿನ ಕಾರ್ಟೂನ್ ಸರಣಿ) ನೋಡುವಾಗ ಶುರುವಿನ ಹಾಡನ್ನು ನಾನು ಒಂದು ಸಲವೂ ಸ್ಕಿಪ್ ಮಾಡಿಲ್ಲ. ಒಂದೂವರೆ ನಿಮಿಷದಲ್ಲಿ ಯುದ್ಧ, ಕೋರಸ್, ಪಿಟೀಲು ಎಲ್ಲಾ ಬಂದುಹೋಗುತ್ತೆ. ಯಾರು ಮಾಡಿದ್ದು ಇದನ್ನು? ಇಂಥದ್ದೇ ಬೇರೆ ಇದೆಯಾ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ಇದೆ, ಬೇಕಾದಷ್ಟಿದೆ. ಆ ಹಾಡು ಮಾಡಿದವರ ಹೆಸರು ರೆವೊ. 2013ರಲ್ಲಿ ಬಂದ ಹಾಡು ಅದು. ಶುರುವಿನಲ್ಲೇ ಜರ್ಮನ್ ಭಾಷೆಯಲ್ಲಿ ಒಂದು ಕೂಗು ಬರುತ್ತಲ್ಲ, ಅಲ್ಲಿಂದಲೇ ನಾವು ಪರದೆ ಮೇಲೆದ್ದ ರಂಗದ ಮುಂದೆ ಕೂತ ಹಾಗಾಗುತ್ತದೆ. ಬೇರೆಯವರ ಕತೆಗೆ ಹಾಡು ಮಾಡುವಾಗ ರೆವೊ ಇಟ್ಟುಕೊಂಡ ಹೆಸರು ಲಿಂಕ್ಡ್ ಹೊರೈಜನ್. ಅವರ ಸ್ವಂತ ಮನೆ ಮಾತ್ರ ಸೌಂಡ್ ಹೊರೈಜನ್. ನೀವು ಹೋಗಬೇಕಾದ್ದು ಅಲ್ಲಿಗೆ.

2001ರಲ್ಲಿ ಅದು ಶುರುವಾದಾಗ ಹಿಂದೆ ಯಾವ ಕಂಪನಿಯೂ ಇರಲಿಲ್ಲ. ಟೋಕಿಯೊದಲ್ಲಿ ಕೊಮಿಕೆಟ್ ಅಂತ ಒಂದು ಜಾತ್ರೆ ನಡೆಯುತ್ತೆ. ಜನ ತಾವೇ ಬರೆದ ಕಾಮಿಕ್ಸು, ತಾವೇ ಮಾಡಿದ ಸಿ.ಡಿ. ತಂದು ಮೇಜು ಹಾಕಿಕೊಂಡು ಮಾರುತ್ತಾರೆ. ರೆವೊ ತಮ್ಮ ಮೊದಲ ಸಿ.ಡಿ.ಗಳನ್ನು ಮಾರಿದ್ದು ಅಂಥ ಮೇಜಿನ ಮೇಲೆ. 2004ರಲ್ಲಿ ದೊಡ್ಡ ಕಂಪನಿಯಿಂದ ‘ಎಲಿಸಿಯನ್’ ಬಂತು. ಅವರು ಆಲ್ಬಮ್ ಅನ್ನುವುದಿಲ್ಲ, ‘ಕತೆ ಸಿ.ಡಿ.’ ಅನ್ನುತ್ತಾರೆ. ಕೇಳಿದರೆ ಯಾಕೆ ಅಂತ ಗೊತ್ತಾಗುತ್ತೆ. ಒಬ್ಬ ನಿರೂಪಕ ಬರುತ್ತಾನೆ, ಬಾಗಿಲು ತೆರೆದ ಸದ್ದು ಕೇಳುತ್ತೆ, ಯಾರೋ ನಡೆದು ಬರುತ್ತಾರೆ, ಎರಡು ಮಾತು ಆಡುತ್ತಾರೆ, ಆ ಮಾತು ಮುಗಿಯುವ ಮೊದಲೇ ಹಾಡಾಗಿರುತ್ತೆ. ಒಂದೊಂದು ಪಾತ್ರಕ್ಕೆ ಒಬ್ಬೊಬ್ಬ ಗಾಯಕರು. 2008ರ ‘ಮೊಯಿರಾ’ದಲ್ಲಿ ಗ್ರೀಕ್ ಪುರಾಣದ ಲೋಕ, ಬೇರೆಬೇರೆಯಾದ ಅವಳಿ ಮಕ್ಕಳ ಕತೆ. 2010ರ ‘ಮೇರ್ಶೆನ್’ ಗ್ರಿಮ್ ಸೋದರರ ಕತೆಗಳಿಂದ ಹುಟ್ಟಿದ್ದು. ಅದರಲ್ಲಿ ಏಳು ಜನ ನಾಯಕಿಯರು ತಮ್ಮ ತಮ್ಮ ಸಾವಿನ ಲೆಕ್ಕ ಕೇಳಲು ಬರುತ್ತಾರೆ.

ಹಾಡಿನಲ್ಲೇ ಕತೆ ನಡೆಸುವುದಕ್ಕೆ ತಾನೇ ಒಪೆರಾ ಅನ್ನುವುದು? ಆ ಅರ್ಥದಲ್ಲಿ ಜಪಾನಿನ ರಾಕ್‌ನಲ್ಲಿ ಒಪೆರಾಗೆ ಎಲ್ಲರಿಗಿಂತ ಹತ್ತಿರ ಇರುವವರು ಇವರೇ ಅಂತ ನನ್ನ ಅಭಿಪ್ರಾಯ. ಒಂದೇ ಕೋರಿಕೆ: ಹಾಡುಗಳನ್ನು ಹಿಂದುಮುಂದು ಮಾಡಿ ಕೇಳಬೇಡಿ. ಮೂರನೇ ಅಂಕ ನೋಡಿ ಆಮೇಲೆ ಮೊದಲನೇ ಅಂಕ ನೋಡಿದ ಹಾಗಾಗುತ್ತೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಐವತ್ತು ವರ್ಷದಿಂದ ಹಿಂದೂಸ್ತಾನಿ ಕೇಳುತ್ತ ಬಂದವನು. ಮೊಮ್ಮಗ ಎಕ್ಸ್ ಜಪಾನ್ ಅನ್ನೋ ತಂಡದ ಹಾಡು ಹಾಕಿ ‘ಅಜ್ಜಾ, ಇದರಾಗೂ ಶಾಸ್ತ್ರೀಯ ಅದ’ ಅಂತಾನ. ನನಗೆ ಡ್ರಮ್ಮಿನ ಸಪ್ಪಳ ಬಿಟ್ಟು ಮತ್ತೇನೂ ಕೇಳಿಸಲಿಲ್ಲ. ಎಲ್ಲಿ ಅದ ಅದು?
— ಧಾರವಾಡದಿಂದ ಒಬ್ಬ ಓದುಗರು

ಸರ್, ಮೊಮ್ಮಗ ಹೇಳಿದ್ದು ನಿಜ. ಆದರೆ ಅದನ್ನು ಕೇಳಿಸಿಕೊಳ್ಳಲು ಕಿವಿಯನ್ನು ಸ್ವಲ್ಪ ಬೇರೆ ಕಡೆ ತಿರುಗಿಸಬೇಕು. ನೀವು ಕೇಳುವ ಸಂಗೀತದಲ್ಲಿ ತಂಬೂರಿ ಒಂದು ಆಧಾರ ಕೊಡುತ್ತೆ, ಅದರ ಮೇಲೆ ಒಂದೇ ಎಳೆ ರಾಗ ಬೆಳೆಯುತ್ತ ಹೋಗುತ್ತೆ. ಇಲ್ಲಿ ಹಾಗಲ್ಲ. ಒಂದೇ ಹೊತ್ತಿಗೆ ಎರಡು ಮೂರು ಎಳೆಗಳು ನಡೆಯುತ್ತವೆ, ಒಂದು ಇನ್ನೊಂದನ್ನು ತಾಗಿ, ಬಿಟ್ಟು, ಮತ್ತೆ ಸೇರುತ್ತವೆ. ಆ ಎಳೆಗಳ ನಡುವಿನ ಜಾಗದಲ್ಲಿ ಇವರ ಶಾಸ್ತ್ರೀಯ ಇದೆ.

ಮೊದಲು ಆ ತಂಡ ಕಟ್ಟಿದ ಮನುಷ್ಯನ ಕತೆ ಹೇಳುತ್ತೇನೆ. ಟೋಕಿಯೊ ಪಕ್ಕದ ಚಿಬಾ ಪ್ರಾಂತ್ಯದಲ್ಲಿ ತತೆಯಾಮಾ ಅಂತ ಕಡಲ ಊರು. ಅಲ್ಲಿ ಕಿಮೊನೊ ಅಂಗಡಿಯವರ ಮನೆಯಲ್ಲಿ ಹುಟ್ಟಿದ ಹುಡುಗ ಯೋಶಿಕಿ. ನಾಲ್ಕನೇ ವರ್ಷಕ್ಕೆ ಪಿಯಾನೊ ಪಾಠ ಶುರು. ಹತ್ತು ವರ್ಷದವನಿದ್ದಾಗ ತಂದೆ ಆತ್ಮಹತ್ಯೆ ಮಾಡಿಕೊಂಡರು. ಅದಾದ ಮೇಲೆ ಆ ಹುಡುಗನ ಕೈಗೆ ಅಮೆರಿಕದ ಕಿಸ್ ತಂಡದ ರೆಕಾರ್ಡು ಸಿಕ್ಕಿತು, ಡ್ರಮ್ಸ್ ಬಾರಿಸಲು ಕೂತ. ಪಿಯಾನೊ ಬಿಡಲಿಲ್ಲ, ಡ್ರಮ್ಸ್ ಬಿಡಲಿಲ್ಲ, ಇವತ್ತಿಗೂ ಎರಡೂ ಇದೆ. ಶಿಶುವಿಹಾರದಿಂದ ಜೊತೆಗಿದ್ದ ಗೆಳೆಯ ತೋಶಿ ಹಾಡುಗಾರನಾದ. ಇಬ್ಬರೂ ಸೇರಿ 1982ರಲ್ಲಿ ಎಕ್ಸ್ ತಂಡ ಕಟ್ಟಿದರು. ಆಗ ಇಬ್ಬರೂ ಶಾಲೆ ಮುಗಿಸದ ಹುಡುಗರು. ಹೆಸರಿಗೆ ಜಪಾನ್ ಸೇರಿದ್ದು 1992ರಲ್ಲಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎರಡು ಕಡೆ ತೋರಿಸುತ್ತೇನೆ, ಮೊಮ್ಮಗನಿಗೆ ಹೇಳಿ ಹಾಕಿಸಿಕೊಳ್ಳಿ.

1989ರ ‘ಬ್ಲೂ ಬ್ಲಡ್’ ಆಲ್ಬಮ್ಮಿನಲ್ಲಿ ‘ರೋಸ್ ಆಫ್ ಪೇನ್’ ಅಂತ ಒಂದು ಉದ್ದದ ಹಾಡಿದೆ. ಶುರುವಿನಲ್ಲಿ ಕೇಳುವುದು ಜರ್ಮನಿಯ ಹಳೆಯ ಸಂಗೀತ ರಚನೆಕಾರ ಬಾಖ್ ಬರೆದ ಜಿ ಮೈನರ್ ಫ್ಯೂಗ್. ಫ್ಯೂಗ್ ಅಂದರೆ ಹೀಗೆ: ಒಬ್ಬ ಒಂದು ಮಾತು ಶುರು ಮಾಡುತ್ತಾನೆ, ಅವನು ಮುಂದುವರಿಸುತ್ತಿರುವಾಗಲೇ ಇನ್ನೊಬ್ಬ ಅದೇ ಮಾತನ್ನು ಬೇರೆ ಎತ್ತರದಿಂದ ಎತ್ತಿಕೊಳ್ಳುತ್ತಾನೆ, ಆಮೇಲೆ ಮೂರನೆಯವನು, ಆಮೇಲೆ ನಾಲ್ಕನೆಯವನು, ಯಾರೂ ಯಾರ ಮಾತನ್ನೂ ತಡೆಯುವುದಿಲ್ಲ. ಇದು ಮುಗಿದು ಗಿಟಾರು ಬಂದ ಮೇಲೂ ಅದೇ ಅಭ್ಯಾಸ ಒಳಗೊಳಗೇ ಮುಂದುವರಿಯುತ್ತೆ. ಎರಡು ಗಿಟಾರುಗಳು ಒಂದನ್ನೊಂದು ಹಿಂಬಾಲಿಸುತ್ತವೆ. ಬಾಖ್ ತುಣುಕನ್ನು ಚೆಂದಕ್ಕೆ ಅಂತ ತಂದು ಅಂಟಿಸಿದ್ದಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.

ಎರಡನೆಯದು 1993ರ ‘ಆರ್ಟ್ ಆಫ್ ಲೈಫ್’. ಇಡೀ ಆಲ್ಬಮ್ಮಿಗೆ ಒಂದೇ ಹಾಡು, 29 ನಿಮಿಷ. ಲಂಡನ್ನಿನ ರಾಯಲ್ ಫಿಲ್‌ಹಾರ್ಮೊನಿಕ್ ಆರ್ಕೆಸ್ಟ್ರಾ ಜೊತೆಗೆ ನುಡಿಸಿದ್ದು. ನಿಮ್ಮಂಥ ಕೇಳುಗರಿಗೆ 29 ನಿಮಿಷ ಏನೂ ಅಲ್ಲ, ಒಂದು ವಿಲಂಬಿತ್ ಖಯಾಲಿನಷ್ಟು. ಇದರ ಮಧ್ಯೆ ಎಲ್ಲಾ ವಾದ್ಯ ನಿಂತು ಬರೀ ಪಿಯಾನೊ ಉಳಿಯುತ್ತೆ. ಆ ಭಾಗವೊಂದೇ ಎಂಟೊಂಬತ್ತು ನಿಮಿಷ. ಮೊದಲು ಒಂದು ಸಣ್ಣ ರಾಗ. ಮಗುವಿಗೂ ನೆನಪಿರುವಂಥದ್ದು, ಮತ್ತೆ ಮತ್ತೆ ಬರುತ್ತೆ. ಸ್ವಲ್ಪ ಹೊತ್ತಿಗೆ ಅದರ ಮೇಲೆ ಇನ್ನೊಂದು ಪಿಯಾನೊ ಶುರುವಾಗುತ್ತೆ. ಅದಕ್ಕೆ ಶ್ರುತಿಯ ಹಂಗಿಲ್ಲ. ಎಡಕ್ಕೆ ಬಲಕ್ಕೆ ಎಲ್ಲೆಂದರಲ್ಲಿ ಬೀಳುತ್ತೆ, ಬೆರಳಲ್ಲ ಮುಷ್ಟಿಯಿಂದ ಹೊಡೆದ ಹಾಗೆ ಕೇಳುತ್ತೆ. ಸಹಿಸುವುದು ಕಷ್ಟ. ಆದರೆ ಗಮನವಿಟ್ಟು ಕೇಳಿ, ಕೆಳಗೆ ಆ ಸಣ್ಣ ರಾಗ ನಿಂತಿಲ್ಲ. ಅದು ತನ್ನ ಪಾಡಿಗೆ ತಾನು ನಡೆಯುತ್ತಲೇ ಇದೆ. ಮೊದಲ ಸಲ ಇದನ್ನು ಕೇಳಿದ್ದು ಹಾಸ್ಟೆಲ್ ರೂಮಿನಲ್ಲಿ, ಸೀನಿಯರ್ ಒಬ್ಬರ ಕಂಪ್ಯೂಟರಿನಲ್ಲಿ. ಆ ಗದ್ದಲದ ಅಡಿಯಲ್ಲಿ ಸಣ್ಣ ರಾಗ ಇನ್ನೂ ಬದುಕಿದೆ ಅಂತ ಗೊತ್ತಾದ ಕ್ಷಣ ನನಗೆ ಮೈ ಜುಮ್ಮೆಂದಿತ್ತು. ಹತ್ತು ವರ್ಷದ ಹುಡುಗನ ಮನೆಯಲ್ಲಿ ಏನಾಯಿತು ಅಂತ ತಿಳಿದ ಮೇಲೆ ಕೇಳಿದರಂತೂ ಅದು ಬೇರೆಯೇ ಆಗಿಬಿಡುತ್ತೆ.

ಡ್ರಮ್ಮಿನ ಸಪ್ಪಳದ ಬಗ್ಗೆ ಒಂದು ಮಾತು. ಎರಡೂ ಕಾಲಲ್ಲಿ ಎರಡು ಬೇಸ್ ಡ್ರಮ್ ಒದೆಯುತ್ತ ಆ ವೇಗದಲ್ಲಿ ಬಾರಿಸಿ, ತಲೆ ಕೊಡವಿ ಕೊಡವಿ ಯೋಶಿಕಿ ಕುತ್ತಿಗೆಯ ಮೂಳೆ ಕೆಡಿಸಿಕೊಂಡರು. ಶಸ್ತ್ರಚಿಕಿತ್ಸೆಗಳೇ ಆಗಿವೆ. ಹಾಗಿದ್ದೂ 2017ರ ಜನವರಿಯಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಪಿಯಾನೊ ಮುಂದೆ ಕೂತು ಆರ್ಕೆಸ್ಟ್ರಾ ಜೊತೆ ಕಛೇರಿ ಕೊಟ್ಟರು. ಅದಕ್ಕೂ ಮುಂಚೆ, 1999ರಲ್ಲಿ, ಅಕಿಹಿತೊ ಚಕ್ರವರ್ತಿ ಪಟ್ಟಕ್ಕೆ ಬಂದು ಹತ್ತು ವರ್ಷವಾದ ಸಮಾರಂಭಕ್ಕೆ ಪಿಯಾನೊ ಕಾನ್ಸರ್ಟೊ ಬರೆದು ನುಡಿಸಿದ್ದೂ ಇವರೇ.

ಪ್ರಶ್ನೆ: ಜಪಾನಿನ ಹುಡುಗರಿಗೆ ಈ ಬಾಖ್, ಬೀಥೋವನ್ ಎಲ್ಲಾ ಎಲ್ಲಿಂದ ಸಿಕ್ಕಿತು? ಅವರದೇ ಸಂಗೀತ ಇಲ್ವಾ?
— ಹಾಸನ

ಅವರದೇ ಸಂಗೀತ ಖಂಡಿತ ಇದೆ. ಆದರೆ ಮೈಜಿ ಚಕ್ರವರ್ತಿಯ ಕಾಲದಲ್ಲಿ, ಅಂದರೆ ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ, ಶಾಲೆಗಳಿಗೆ ಪಾಶ್ಚಾತ್ಯ ಸಂಗೀತ ತಂದರು, ಅದು ಮನೆಮನೆಗೆ ಇಳಿಯಿತು. 1887ರಲ್ಲಿ ಹಮಾಮತ್ಸು ಊರಿನ ಶಾಲೆಯೊಂದರಲ್ಲಿ ಆರ್ಗನ್ ಕೆಟ್ಟಿತ್ತು. ರಿಪೇರಿಗೆ ಬಂದವರು ತೊರಾಕುಸು ಯಮಾಹಾ. ಒಳಗಡೆ ಬಿಚ್ಚಿ ನೋಡಿ, ಇದನ್ನು ನಾವೇ ಮಾಡಬಹುದಲ್ಲ ಅಂದುಕೊಂಡರು. ಯಮಾಹಾ ಕಂಪನಿ ಹುಟ್ಟಿದ್ದು ಹಾಗೆ. ನಮ್ಮ ಊರಿನ ರಸ್ತೆಗಳಲ್ಲಿ ಓಡಿದ ಆರ್‌ಎಕ್ಸ್ 100 ಬೈಕಿನ ಮೇಲಿದ್ದ ಮೂರು ಶ್ರುತಿಕವೆಗಳ ಗುರುತು ನೆನಪಿದೆಯಾ? ಅದು ಆರ್ಗನ್ನಿನ ಕಾಲದ್ದು. ಯೋಶಿಕಿ ವೇದಿಕೆ ಮೇಲೆ ನುಡಿಸುವ ಗಾಜಿನಂಥ ಪಾರದರ್ಶಕ ಪಿಯಾನೊ ಕವಾಯಿ ಕಂಪನಿಯದ್ದು, ಅದೂ ಹಮಾಮತ್ಸು ಊರಿನದೇ. 1954ರಿಂದ ಯಮಾಹಾ ಸಂಗೀತ ಶಾಲೆಗಳು ಶುರುವಾದವು. ನಮ್ಮಲ್ಲಿ ಮಕ್ಕಳನ್ನು ಸಂಗೀತ ಪಾಠಕ್ಕೋ ಭರತನಾಟ್ಯಕ್ಕೋ ಸೇರಿಸುವ ಹಾಗೆ ಅಲ್ಲಿ ಪಿಯಾನೊಗೆ ಸೇರಿಸುತ್ತಾರೆ. ಆ ಮಕ್ಕಳೇ ಮುಂದೆ ರಾಕ್ ತಂಡ ಕಟ್ಟಿದಾಗ ಬೆರಳಿಗೆ ಬಾಖ್ ಅಂಟಿಕೊಂಡಿರುತ್ತಾನೆ, ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ಸಂಗತಿ, ನನಗೆ ತುಂಬಾ ಇಷ್ಟ. ಜಪಾನಿನಲ್ಲಿ ಬೀಥೋವನ್‌ನ ಒಂಬತ್ತನೇ ಸಿಂಫೊನಿ ಮೊದಲ ಸಲ ಪೂರ್ತಿ ನುಡಿಸಿದ್ದು 1918ರ ಜೂನ್ 1ರಂದು, ತೊಕುಶಿಮಾದ ಬಂದೊ ಶಿಬಿರದಲ್ಲಿ. ನುಡಿಸಿದವರು ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕ ಜರ್ಮನ್ ಸೈನಿಕರು. ಶಿಬಿರದಲ್ಲಿ ಹೆಂಗಸರೇ ಇರಲಿಲ್ಲವಲ್ಲ, ಹಾಗಾಗಿ ಹೆಂಗಸರು ಹಾಡಬೇಕಾದ ಭಾಗವನ್ನೂ ಗಂಡಸರ ದನಿಗೆ ಹೊಂದಿಸಿಕೊಂಡು ಹಾಡಿದರು. ಈಗ ಡಿಸೆಂಬರ್ ಬಂತೆಂದರೆ ದೇಶದ ತುಂಬಾ ಆ ಸಿಂಫೊನಿಯನ್ನು ಹಾಡುತ್ತಾರೆ.

ಪ್ರಶ್ನೆ: ನನ್ನ ಮಗ ಪಿಯುಸಿ ಎರಡನೇ ವರ್ಷ. ಅವನ ಫೋನಿನ ವಾಲ್‌ಪೇಪರಿನಲ್ಲಿ ಒಬ್ಬಳು ಬೊಂಬೆಯಂಥ ಹುಡುಗಿ, ಕಪ್ಪು ಲೇಸಿನ ಗೌನು, ನೀಲಿ ತುಟಿ. ಆಮೇಲೆ ಗೊತ್ತಾಯಿತು ಅದು ಗಂಡಸಂತೆ, ಗಿಟಾರ್ ನುಡಿಸೋರಂತೆ. ನಮ್ಮ ಯಕ್ಷಗಾನದ ಸ್ತ್ರೀವೇಷದ ಥರಾನಾ ಇದು? ನಾನು ಗಾಬರಿ ಪಡಬೇಕಾ?
— ಒಬ್ಬ ತಾಯಿ, ಮೈಸೂರು

ಅಮ್ಮಾ, ಗಾಬರಿ ಬೇಡವೇ ಬೇಡ. ನೀವು ನೋಡಿದ್ದು ಮಾನಾ ಅವರ ಚಿತ್ರ ಇರಬೇಕು. ಮಲೀಸ್ ಮಿಜೇರ್ ಅನ್ನುವ ಜಪಾನಿನ ರಾಕ್ ತಂಡದಲ್ಲಿ ಗಿಟಾರಿಸ್ಟಾಗಿದ್ದವರು, ಹಾಡುಗಳನ್ನು ಕಟ್ಟುತ್ತಿದ್ದವರು.

ನಿಮ್ಮ ಹೋಲಿಕೆ ಚೆನ್ನಾಗಿದೆ. ಆದರೆ ಅವರ ಬೇರು ಅವರ ನೆಲದಲ್ಲೇ ಇದೆ. ಕಬುಕಿ ನಾಟಕವನ್ನು 1603ರ ಹೊತ್ತಿಗೆ ಕ್ಯೋಟೊದಲ್ಲಿ ಶುರು ಮಾಡಿದ್ದು ಒಬ್ಬ ಹೆಣ್ಣುಮಗಳು, ಇಜುಮೊದ ಒಕುನಿ. 1629ರಲ್ಲಿ ಸರ್ಕಾರ ಹೆಂಗಸರು ರಂಗಕ್ಕೆ ಬರಬಾರದು ಅಂತ ತಡೆ ಹಾಕಿತು. ಅಲ್ಲಿಂದ ಹೆಣ್ಣಿನ ಪಾತ್ರ ಗಂಡಸರದ್ದಾಯಿತು. ಅವರಿಗೆ ಒನ್ನಗಾತ ಅನ್ನುತ್ತಾರೆ. ಇದಕ್ಕೆ ತಿರುಗುಮುರುಗಾಗಿ ಇನ್ನೊಂದು ಇದೆ, ತಕಾರಾಜುಕಾ. ಒಸಾಕಾ ಕಡೆಯ ರೈಲು ಕಂಪನಿಯ ಇಚಿಜೊ ಕೊಬಾಯಾಶಿ ಅನ್ನುವವರು, ತಮ್ಮ ರೈಲಿನ ಕೊನೇ ನಿಲ್ದಾಣಕ್ಕೆ ಜನ ಬರಲಿ ಅಂತ ಹುಡುಗಿಯರ ನಾಟಕ ತಂಡ ಕಟ್ಟಿದರು. ಮೊದಲ ಆಟ 1914ರಲ್ಲಿ, ಈಜುಕೊಳವೊಂದನ್ನು ರಂಗಮಂದಿರ ಮಾಡಿಕೊಂಡು. ಇಲ್ಲಿ ರಾಜಕುಮಾರನೂ ಹೆಣ್ಣು, ಸೇನಾಧಿಪತಿಯೂ ಹೆಣ್ಣು. 1974ರಲ್ಲಿ ಇವರು ರಿಯೊಕೊ ಇಕೆದಾ ಅವರ ‘ವರ್ಸಾಯ್ ಗುಲಾಬಿ’ ಕಾಮಿಕ್ಸನ್ನು ರಂಗಕ್ಕೆ ತಂದಾಗ ಜನ ಮುಗಿಬಿದ್ದರು. ಫ್ರಾನ್ಸಿನ ರಾಣಿಯ ಕಾವಲಿಗೆ ನಿಂತ, ಗಂಡಾಗಿ ಬೆಳೆದ ಹೆಣ್ಣು ಆಸ್ಕರ್ ಅದರ ನಾಯಕಿ. ಜಪಾನಿನ ರಾಕ್ ತುಂಬಾ ಗುಲಾಬಿ, ಲೇಸು, ಫ್ರೆಂಚ್ ಹೆಸರು ಯಾಕೆ ಅಂತ ಕೇಳುವವರಿಗೆಲ್ಲ ನಾನು ಮೊದಲು ತೋರಿಸುವುದು ಇದನ್ನೇ.

ಪಶ್ಚಿಮದಿಂದಲೂ ಬಂತು, ನಿಜ. ಆದರೆ ಪಶ್ಚಿಮಕ್ಕೆ ಎಲ್ಲಿಂದ ಹೋಯಿತು ನೋಡಿ. 1973ರಲ್ಲಿ ಇಂಗ್ಲೆಂಡಿನ ರಾಕ್ ಗಾಯಕ ಡೇವಿಡ್ ಬೋವಿಗೆ ಉಡುಪು ಮಾಡಿಕೊಟ್ಟವರು ಜಪಾನಿನ ಕನ್ಸಾಯ್ ಯಮಾಮೊತೊ. ಕಬುಕಿಯಲ್ಲಿ ಹಿಕಿನುಕಿ ಅಂತ ಒಂದು ಉಪಾಯ ಇದೆ. ಸಡಿಲವಾಗಿ ಹೊಲಿದ ದಾರ ಎಳೆದರೆ ಮೇಲಿನ ಉಡುಪು ಕ್ಷಣದಲ್ಲಿ ಕಳಚಿ ಒಳಗಿನ ಬೇರೆ ಉಡುಪು ಕಾಣುತ್ತೆ. ಬೋವಿ ವೇದಿಕೆ ಮೇಲೆ ಅದನ್ನೇ ಮಾಡಿದ್ದು. ಅದನ್ನು ನೋಡಿದ ಜಪಾನಿನ ಹುಡುಗರು ತಮ್ಮದನ್ನೇ ಸುತ್ತು ಹಾಕಿ ವಾಪಸು ಪಡೆದ ಹಾಗಾಯಿತು. ಈ ಇಡೀ ಬಗೆಗೆ ವಿಷುವಲ್ ಕೇ ಅನ್ನುವ ಹೆಸರು ಬಂದದ್ದು ಎಕ್ಸ್ ತಂಡದ ‘ಬ್ಲೂ ಬ್ಲಡ್’ ಮೇಲಿದ್ದ ‘ವಿಷುವಲ್ ಶಾಕ್’ ಅನ್ನುವ ಘೋಷಣೆಯಿಂದ ಅನ್ನುತ್ತಾರೆ. ಕೇ ಅಂದರೆ ಬಗೆ, ಪಂಗಡ.

ಮಾನಾ ವೇದಿಕೆ ಮೇಲೆ ಮಾತಾಡುವುದಿಲ್ಲ. ಸಂದರ್ಶನದಲ್ಲೂ ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟುತ್ತಾರೆ, ಅವರು ನಮಗೆ ಹೇಳುತ್ತಾರೆ. ಬೊಂಬೆ ಮಾತಾಡಿದರೆ ಬೊಂಬೆಯಾಗಿ ಉಳಿಯುವುದಿಲ್ಲ ಅಲ್ವಾ? ಅವರ ತಂಡ ಕೇಳುತ್ತಿದ್ದ ಪ್ರಶ್ನೆಯೇ ‘ಮನುಷ್ಯ ಅಂದರೆ ಏನು?’ ಅನ್ನುವುದು. ಅದಕ್ಕೇ ವೇದಿಕೆಯ ಮೇಲೆ ಬೊಂಬೆ, ರಕ್ತ ಕುಡಿಯುವ ಪಿಶಾಚಿ, ವಿದೂಷಕ. ಮನುಷ್ಯ ಅಲ್ಲದ್ದನ್ನು ನಿಲ್ಲಿಸಿ ಮನುಷ್ಯನನ್ನು ನೋಡುವುದು.

ಒಂದು ಸಲ ಮಗನ ಪಕ್ಕ ಕೂತು ‘ಯಾವ ಹಾಡು ನಿನಗೆ ಇಷ್ಟ, ಹಾಕು’ ಅನ್ನಿ. ಅವನು ಬಹುಶಃ ಅರ್ಧ ಗಂಟೆ ನಿಲ್ಲಿಸದೆ ಮಾತಾಡುತ್ತಾನೆ.

ಪ್ರಶ್ನೆ: ನಮ್ಮದು ಸಣ್ಣ ಬ್ಯಾಂಡ್. ಇಬ್ಬರು ಗಿಟಾರಿಸ್ಟುಗಳು. ಮಲೀಸ್ ಮಿಜೇರ್ ಸೌಂಡ್ ತರಬೇಕು ಅಂತ ಆಸೆ, ಆದರೆ ಡಿಸ್ಟಾರ್ಶನ್ ಜಾಸ್ತಿ ಮಾಡಿದಷ್ಟೂ ಮಾಮೂಲಿ ಮೆಟಲ್ ಆಗಿಬಿಡುತ್ತೆ. ಏನು ತಪ್ಪು?
— ಮಂಗಳೂರು

ಡಿಸ್ಟಾರ್ಶನ್, ಅಂದರೆ ಗಿಟಾರಿನ ದನಿಯನ್ನು ಒರಟು ಮಾಡುವುದು, ಅದಲ್ಲ ಗುಟ್ಟು. ಮೊದಲು ಅದನ್ನು ಕಡಿಮೆ ಮಾಡಿ. ಮಾನಾ ಮತ್ತು ಕೋಜಿ, ಆ ತಂಡದ ಈ ಇಬ್ಬರು ಗಿಟಾರಿಸ್ಟುಗಳಲ್ಲಿ ಒಬ್ಬ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದು ಇನ್ನೊಬ್ಬ ಸೋಲೊ ನುಡಿಸುವ ಪದ್ಧತಿ ಇರಲಿಲ್ಲ. ಇಬ್ಬರೂ ಒಂದೊಂದೇ ತಂತಿಯ ಮೇಲೆ ಒಂದೊಂದು ಎಳೆ ನುಡಿಸುತ್ತಾರೆ. ಎರಡು ಎಳೆ ಸೇರಿದಾಗ ಕಾರ್ಡ್ ತಾನಾಗಿ ಕೇಳುತ್ತೆ. ಪಿಯಾನೊಗಿಂತ ಹಳೆಯ ಮನೆವಾದ್ಯ ಹಾರ್ಪ್ಸಿಕಾರ್ಡ್ ನುಡಿಸುವವನ ಎಡಗೈ ಬಲಗೈ ಅಂದುಕೊಳ್ಳಿ, ಅದನ್ನು ಇಬ್ಬರು ಹಂಚಿಕೊಂಡಿದ್ದಾರೆ. ಅದರ ಜೊತೆಗೆ ಗಿಟಾರ್ ಸಿಂಥಸೈಜರ್ ಬೇರೆ. ಅದೇ ತಂಡದ ಯೂಕಿ ಅವರ ಬೇಸ್ ಗಿಟಾರ್ ಕೂಡ ಒಂದೇ ಸ್ವರದ ಮೇಲೆ ಕೂರುವುದಿಲ್ಲ, ಅದು ಮೂರನೇ ಎಳೆ.

ಇನ್ನು ಸ್ವರ. ಹಾರ್ಮೊನಿಕ್ ಮೈನರ್ ಹಿಡಿಯಿರಿ. ನಿಮ್ಮ ತಂಡದಲ್ಲಿ ಕರ್ನಾಟಕ ಸಂಗೀತ ಕಲಿತವರಿದ್ದರೆ ಕೀರವಾಣಿ ಅನ್ನಿ ಸಾಕು, ಸ್ವರಗಳು ಅವೇ. ಎ ಮೈನರಿನಿಂದ ಶುರು ಮಾಡಿ ಡಿ ಮೈನರ್, ಜಿ, ಸಿ, ಎಫ್, ಬಿ ಡಿಮಿನಿಷ್ಡ್, ಇ, ಮತ್ತೆ ಎ ಮೈನರ್. ಬರೋಕ್ ಕಾಲದವರು, ಅಂದರೆ ಬಾಖ್ ಇದ್ದ ಕಾಲದವರು, ಸವೆಸಿದ ದಾರಿ ಇದು, ವಿವಾಲ್ಡಿಯಲ್ಲೂ ಸಿಗುತ್ತೆ. ಆ ದಾರಿಯ ಮೇಲೆ ಒಬ್ಬರು ಮೇಲಕ್ಕೆ ಹೋಗುವಾಗ ಇನ್ನೊಬ್ಬರು ಕೆಳಕ್ಕೆ ಬನ್ನಿ. ಇಬ್ಬರೂ ಒಟ್ಟಿಗೆ ಒಂದೇ ಕಡೆ ಓಡಿದರೆ ಮಜಾ ಇಲ್ಲ. ಒಂದು ವಾರ ಆಂಪ್ ಇಲ್ಲದೆ ಸುಮ್ನೆ ಎದುರುಬದುರು ಕೂತು ಇದನ್ನೇ ನುಡಿಸಿ. ಖಾಲಿ ತಂತಿಯಲ್ಲಿ ಚೆನ್ನಾಗಿ ಕೇಳದ್ದು ಡಿಸ್ಟಾರ್ಶನ್ ಹಾಕಿದರೂ ಚೆನ್ನಾಗಿ ಕೇಳುವುದಿಲ್ಲ.

1998ರ ‘ಮೆರ್ವೆಯ್’ ಆಲ್ಬಮ್ ಪೂರ್ತಿ ಕೇಳಿ. ಗಾಕ್ಟ್ ಹಾಡಿದ್ದ ಕಾಲದ್ದು, ಬೆಳಕು ಜಾಸ್ತಿ. ಆಮೇಲೆ 2000ದ ‘ಬಾರಾ ನೊ ಸೇಇದೊ’, ಅಂದರೆ ಗುಲಾಬಿಗಳ ಚರ್ಚು. ಇಲ್ಲಿ ಕ್ಲಾಹಾ ಅವರ ತಗ್ಗಿನ, ಒಪೆರಾಗೆ ಹತ್ತಿರದ ದನಿ. ಜೊತೆಗೆ ಪೈಪ್ ಆರ್ಗನ್, ಕೋರಸ್. ಆ ವರ್ಷ ಟೋಕಿಯೊದ ಬುದೊಕಾನ್ ಸಭಾಂಗಣದ ಒಳಗೆ ವೇದಿಕೆ ಮೇಲೆ ಒಂದು ಚರ್ಚನ್ನೇ ನಿಲ್ಲಿಸಿದ್ದರು. ಕೇಳುವಾಗ ಗಿಟಾರಿಗಿಂತ ಆರ್ಗನ್ನಿನ ಕೆಳಗಿನ ಸ್ವರಗಳನ್ನು ಹಿಂಬಾಲಿಸಿ.

ಪ್ರಶ್ನೆ: ಈ ತಂಡಗಳ ಬಗ್ಗೆ ಓದಿದರೆ ಸಾವಿನ ಸುದ್ದಿಯೇ ಜಾಸ್ತಿ. ಹಾಡಿನಲ್ಲೂ ಸಾವು. ಮನಸ್ಸಿಗೆ ಭಾರ ಆಗುತ್ತೆ. ಯಾಕೆ ಹೀಗೆ?
— ಬೆಂಗಳೂರು

ಭಾರ ಆಗುವುದು ನಿಜ. ನನಗೂ ಆಗಿದೆ. ಆದರೆ ಸಾವನ್ನು ಇವರು ಹುಡುಕಿಕೊಂಡು ಹೋದದ್ದಲ್ಲ. ಅದೇ ಮನೆಗೆ ಬಂತು, ಆಮೇಲೆ ಅವರು ಏನು ಮಾಡಿದರು ಅನ್ನುವುದನ್ನು ನೋಡಬೇಕು.

ಮಲೀಸ್ ಮಿಜೇರ್ ತಂಡದ ಡ್ರಮ್ಮರ್ ಕಾಮಿ 1999ರ ಜೂನ್‌ನಲ್ಲಿ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಇಪ್ಪತ್ತಾರು ವರ್ಷ. ಅದೇ ವರ್ಷದ ಶುರುವಿನಲ್ಲಿ ಗಾಕ್ಟ್ ತಂಡ ಬಿಟ್ಟಿದ್ದರು. ಉಳಿದ ಮೂವರು ಕಾಮಿ ಜಾಗಕ್ಕೆ ಇನ್ನೊಬ್ಬ ಡ್ರಮ್ಮರನ್ನು ಸದಸ್ಯನಾಗಿ ಸೇರಿಸಿಕೊಳ್ಳಲೇ ಇಲ್ಲ. ಬಾರಿಸಲು ಬೇರೆಯವರು ಬಂದರು, ಆದರೆ ಆಲ್ಬಮ್ಮಿನಲ್ಲಿ ಕಾಮಿಯ ಹೆಸರು ಹಾಗೇ ಉಳಿಯಿತು, ಎಂದೆಂದಿಗೂ ನಮ್ಮ ರಕ್ತಬಂಧು ಅಂತ. 2000ದ ಫೆಬ್ರವರಿ 1, ಅವರ ಹುಟ್ಟುಹಬ್ಬದ ದಿನ, ಅವರು ಬಿಟ್ಟುಹೋದ ರಚನೆಗಳನ್ನು ಹೊರತಂದರು. ಆ ಚರ್ಚು, ಆ ಆರ್ಗನ್, ಆ ಕಪ್ಪು ಬಟ್ಟೆ ಎಲ್ಲಾ ಬಂದದ್ದು ಇದಾದ ಮೇಲೆ. ಇದನ್ನು ತಿಳಿದು ‘ಬಾರಾ ನೊ ಸೇಇದೊ’ ಕೇಳಿದವರು ಅದನ್ನು ಬರೀ ವೇಷ ಅನ್ನಲಾರರು. 2001ರ ಡಿಸೆಂಬರಿನಲ್ಲಿ ತಂಡ ತನ್ನ ಕೆಲಸ ನಿಲ್ಲಿಸಿತು.

ಎಕ್ಸ್ ಜಪಾನ್ ಗಿಟಾರಿಸ್ಟ್ ಹಿದೆ ಹೋದದ್ದು 1998ರ ಮೇ 2ರಂದು. ತಂಡ ಒಡೆದು ಕೊನೇ ಕಛೇರಿ ಮುಗಿಸಿ ಬರೀ ನಾಲ್ಕು ತಿಂಗಳಾಗಿತ್ತು. ಟೋಕಿಯೊದ ತ್ಸುಕಿಜಿ ಹೊಂಗಾಂಜಿ ದೇವಾಲಯದ ಹೊರಗೆ ಹತ್ತಾರು ಸಾವಿರ ಜನ ಸಾಲು ನಿಂತರು. ಹತ್ತು ವರ್ಷದ ನಂತರ, 2008ರ ಮಾರ್ಚಿನಲ್ಲಿ, ತಂಡ ಮತ್ತೆ ಟೋಕಿಯೊ ಡೋಮ್‌ನಲ್ಲಿ ನಿಂತಾಗ ಹಿದೆ ಜಾಗಕ್ಕೆ ಹೊಸಬರನ್ನು ಸದಸ್ಯರನ್ನಾಗಿ ತರಲಿಲ್ಲ. ಹಿಂದೆ ನುಡಿಸಿದ್ದ ಗಿಟಾರನ್ನೇ ಕೇಳಿಸಿದರು, ಬೆಳಕಿನಲ್ಲಿ ಅವರ ರೂಪ ಮೂಡಿಸಿದರು. ಬೇಸ್ ನುಡಿಸುತ್ತಿದ್ದ ತಾಯ್ಜಿ 2011ರಲ್ಲಿ, ಹೀತ್ 2023ರಲ್ಲಿ ಹೋದರು. ವರ್ಸಾಯ್ ತಂಡದ ಬೇಸಿಸ್ಟ್ ಜಾಸ್ಮಿನ್ ಯೂ 2009ರಲ್ಲಿ.

ಜಪಾನಿನಲ್ಲಿ ಗಂಡಸರು ಎದುರಿಗೆ ಕೂತು ‘ನನಗೆ ದುಃಖ ಆಗಿದೆ’ ಅನ್ನುವುದು ಸುಲಭವಲ್ಲ. ನಮ್ಮಲ್ಲೂ ಅಷ್ಟೇ ಅಲ್ವಾ? ಬಣ್ಣ ಹಚ್ಚಿಕೊಂಡು, ಆರ್ಕೆಸ್ಟ್ರಾ ಹಿಂದೆ ನಿಲ್ಲಿಸಿಕೊಂಡು, ಐವತ್ತು ಸಾವಿರ ಜನರ ಮುಂದೆ ಅಳುವುದು ಕೆಲವರಿಗೆ ಒಬ್ಬರ ಮುಂದೆ ಅಳುವುದಕ್ಕಿಂತ ಸಾಧ್ಯವಾಗುತ್ತೆ. ಈ ಸಂಗೀತ ಇಷ್ಟು ದೊಡ್ಡದಾಗಿ, ಇಷ್ಟು ಜೋರಾಗಿ ಇರುವುದು ಅದಕ್ಕೇ ಅಂತ ನಾನು ನಂಬಿದ್ದೇನೆ. ನಿಮಗೆ ಈಗ ಕಷ್ಟದ ದಿನಗಳಿದ್ದರೆ ಸ್ವಲ್ಪ ಕಾಲ ಬೇರೆ ಏನಾದರೂ ಕೇಳಿ, ಹತ್ತಿರದವರ ಜೊತೆ ಮಾತಾಡಿ. ಈ ಹಾಡುಗಳು ಎಲ್ಲೂ ಹೋಗುವುದಿಲ್ಲ.

ಪ್ರಶ್ನೆ: ವರ್ಸಾಯ್ ಫ್ರಾನ್ಸಿನ ತಂಡವಾ?
— ಬಳ್ಳಾರಿ

ಅಲ್ಲ, ಅಪ್ಪಟ ಜಪಾನಿನದು. ಗಾಯಕ ಕಾಮಿಜೊ, ಗಿಟಾರಿಸ್ಟ್ ಹಿಜಾಕಿ ಸೇರಿ 2007ರಲ್ಲಿ ಕಟ್ಟಿದ್ದು. ಹಿಜಾಕಿ ನೆಲ ಮುಟ್ಟುವ ಗೌನು ಹಾಕಿಕೊಂಡು ಮಿಂಚಿನ ವೇಗದಲ್ಲಿ ನುಡಿಸುತ್ತಾರೆ. ವೇಗ ಇಷ್ಟಪಡುವವರು 2008ರ ‘ನೋಬಲ್’ನಿಂದ ಶುರು ಮಾಡಿ.

ಪ್ರಶ್ನೆ: ಹೆಂಗಸರು ಯಾರೂ ಇಲ್ವಾ ಇದರಲ್ಲಿ?
— ಉಡುಪಿ

ಇದ್ದಾರೆ, ನನಗೆ ಬಹಳ ಪ್ರಿಯರಾದವರು. ಅಲಿ ಪ್ರಾಜೆಕ್ಟ್‌ನ ಅರಿಕಾ ತಕಾರಾನೊ. ಹಾಡು ಬರೆಯುವವರೂ ಅವರೇ, ಹಾಡುವವರೂ ಅವರೇ. ಸಂಗೀತ ಮಿಕಿಯಾ ಕತಾಕುರಾ ಅವರದ್ದು. ಇವರದ್ದು ರಾಕ್‌ಗಿಂತ ಪಿಟೀಲುಗಳ ಬಿರುಗಾಳಿ. ಅಭಿಮಾನಿಗಳು ಇವರ ಹಾಡುಗಳನ್ನು ಬಿಳಿ ಅಲಿ, ಕಪ್ಪು ಅಲಿ ಅಂತ ಎರಡು ಪಾಲು ಮಾಡಿದ್ದಾರೆ. ಬಿಳಿಯದ್ದು ಮೆತ್ತಗೆ, ತೋಟದಲ್ಲಿ ಕೂತ ಹಾಗೆ. ಕಪ್ಪಿನದ್ದು ಚಾವಟಿ. 2001ರ ‘ನುವಾರ್’ ಅನಿಮೆಯ ಶುರುವಿನ ಹಾಡು, 2004ರ ‘ರೋಜನ್ ಮೇಡನ್’ನ ಶುರುವಿನ ಹಾಡು ಇವರದೇ. ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಹಾರುವಾಗ ಅರಿಕಾ ನಡುವೆ ಎಲ್ಲೂ ಜಾರುವುದಿಲ್ಲ, ನೇರ ಹೋಗಿ ನಿಲ್ಲುತ್ತಾರೆ. ಅದನ್ನು ಗಮನಿಸಿ.

ಪ್ರಶ್ನೆ: ಜಪಾನಿ ಭಾಷೆ ಬರದೆ ಇದನ್ನು ಕೇಳಿ ಏನು ಪ್ರಯೋಜನ?
— ಕೊಪ್ಪಳ

‘ಆರ್ಟ್ ಆಫ್ ಲೈಫ್’ ಪೂರ್ತಿ ಇಂಗ್ಲಿಷಿನಲ್ಲೇ ಇದೆ. ಮಲೀಸ್ ಮಿಜೇರ್ 2001ರಲ್ಲಿ ಮಾಡಿದ ‘ಬಾರಾ ನೊ ಕೊನ್ರೇಇ’ ಸಿನಿಮಾದಲ್ಲಿ ಮಾತೇ ಇಲ್ಲ, ಮೂಕಿ ಚಿತ್ರ. ಉಳಿದದ್ದಕ್ಕೆ ಹೀಗೆ ಮಾಡಿ: ಮೊದಲು ಅರ್ಥ ನೋಡದೆ ಎರಡು ಸಲ ಕೇಳಿ, ಆಮೇಲೆ ಅನುವಾದ ಓದಿ, ಮತ್ತೆ ಕೇಳಿ. ಸೌಂಡ್ ಹೊರೈಜನ್‌ಗೆ ಮಾತ್ರ ಅನುವಾದ ಮೊದಲೇ ಓದಿಕೊಂಡರೆ ಒಳ್ಳೆಯದು, ಅಲ್ಲಿ ಕತೆಯೇ ಜೀವ.

ಪ್ರಶ್ನೆ: ಇಷ್ಟೆಲ್ಲ ಹೇಳ್ತೀರಿ, ನನಗೆ ಮೇಕಪ್ಪೂ ಬೇಡ, 29 ನಿಮಿಷವೂ ಬೇಡ. ಒಂದೇ ಒಂದು ಹಾಡು ಹೇಳಿ.
— ತುಮಕೂರು

‘ಎಂಡ್‌ಲೆಸ್ ರೇನ್’. 1989ರ ‘ಬ್ಲೂ ಬ್ಲಡ್’ನಲ್ಲಿದೆ. ಪಿಯಾನೊದಲ್ಲಿ ನಿಧಾನ ಶುರು, ತೋಶಿಯ ದನಿ, ಮಳೆಯನ್ನು ಕುರಿತ ಸರಳ ಸಾಲುಗಳು. ಆಮೇಲೆ ಗಿಟಾರು. ಅಬ್ಬರ ಏನೂ ಇಲ್ಲ.

ಸಾಧ್ಯವಾದರೆ ಸ್ಟುಡಿಯೊದ್ದಲ್ಲ, ಕಛೇರಿಯದ್ದು ಹುಡುಕಿ. 1997ರ ಡಿಸೆಂಬರ್ 31, ಟೋಕಿಯೊ ಡೋಮ್, ತಂಡದ ಕೊನೇ ಆಟ. ತೋಶಿ ತಂಡ ಬಿಡುವುದು ಎಲ್ಲರಿಗೂ ಗೊತ್ತಾಗಿತ್ತು. ಹಿದೆ ಆಗ ಇನ್ನೂ ಇದ್ದರು. ಈ ಹಾಡಿನಲ್ಲಿ ಒಂದು ಹಂತಕ್ಕೆ ತಂಡ ನುಡಿಸುವುದನ್ನು ನಿಲ್ಲಿಸುತ್ತೆ, ಆದರೆ ಜನ ನಿಲ್ಲಿಸುವುದಿಲ್ಲ. ಪಲ್ಲವಿಯನ್ನು ಅವರೇ ಹಾಡುತ್ತ ಹೋಗುತ್ತಾರೆ, ವಾದ್ಯವಿಲ್ಲದೆ, ಮತ್ತೆ ಮತ್ತೆ.